ಬೋರ್ಡ್‌ನಲ್ಲಿ ಮೂರು ಸ್ಲಾಟ್ ಇದೆ, ಆದ್ರೆ ಮೂರನೇ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಹಾಕಿದ ಮೇಲೆ ಟ್ರೇನಿಂಗ್ ನಿಧಾನ ಆಗಿದೆ. ಯಾಕೆ?

ರಾಜಾಜಿನಗರ_ಧ್ವನಿ | ಶನಿವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನಾವು ಮೂರು ಜನ ಸೇರಿ ರಾಜಾಜಿನಗರದಲ್ಲಿ ಒಂದು ಪುಟ್ಟ ಆಫೀಸ್ ಇಟ್ಟುಕೊಂಡಿದ್ದೇವೆ. ಕನ್ನಡದ ಮಾತನ್ನು ಕೇಳಿ ಬರಹಕ್ಕೆ ಇಳಿಸುವ ಮಾಡೆಲ್ ನಮ್ಮ ಕೆಲಸ. ಧಾರವಾಡದವರ ಮಾತು, ಮಂಗಳೂರಿನವರ ಮಾತು, ಮಂಡ್ಯದವರ ಮಾತು ಎಲ್ಲವೂ ಒಂದೇ ಮಾಡೆಲ್‌ಗೆ ಅರ್ಥವಾಗಬೇಕು ಅನ್ನುವುದು ಆಸೆ. ತಿಂಗಳು ತಿಂಗಳು ಕ್ಲೌಡ್ ಬಾಡಿಗೆ ಕಟ್ಟಿ ಸಾಕಾಗಿ, ಹೋದ ವರ್ಷ ಸ್ವಂತ ಮೆಷಿನ್ ಕಟ್ಟಿದೆವು.

ಈಗ ಇರುವುದು ಇಷ್ಟು: ರೈಜನ್ 9 7950ಎಕ್ಸ್ ಪ್ರೊಸೆಸರ್, ಎಕ್ಸ್670ಇ ಚಿಪ್‌ಸೆಟ್ ಬೋರ್ಡ್, 128 ಜಿಬಿ ರ್ಯಾಮ್, ಮೂರು ಎನ್‌ವಿಎಂಇ ಎಸ್‌ಎಸ್‌ಡಿ, ಎರಡು ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡ್. ಬೋರ್ಡ್‌ನಲ್ಲಿ ಮೂರು ಉದ್ದನೆಯ ಸ್ಲಾಟ್ ಇವೆ. ಒಂದು ಖಾಲಿ ಇತ್ತಲ್ಲ ಅಂತ ಹೋದ ವಾರ ಇನ್ನೊಂದು ಸೆಕೆಂಡ್ ಹ್ಯಾಂಡ್ 3090 ತಂದು, ರೈಸರ್ ಕೇಬಲ್ (ಕಾರ್ಡನ್ನು ಸ್ಲಾಟ್‌ನಿಂದ ದೂರ ಇಡಲು ಬಳಸುವ ಕೇಬಲ್) ಹಾಕಿ ಮೂರನೇ ಸ್ಲಾಟ್‌ಗೆ ಕೂರಿಸಿದೆವು.

ಎರಡು ಕಾರ್ಡ್ ಇದ್ದಾಗ ಟ್ರೇನಿಂಗ್‌ನ ಒಂದು ಸ್ಟೆಪ್‌ಗೆ (ಪ್ರತಿ ಕಾರ್ಡ್ ಒಂದು ಕಂತು ಡೇಟಾ ಕಲಿಯುವ ಸುತ್ತು) ಸುಮಾರು 1 ಸೆಕೆಂಡ್ ಹಿಡಿಯುತ್ತಿತ್ತು. ಈಗ 1.7 ಸೆಕೆಂಡ್. ಲೆಕ್ಕ ಹಾಕಿ ನೋಡಿದರೆ ಮೂರು ಕಾರ್ಡ್ ಸೇರಿ ಮಾಡುವ ಕೆಲಸ, ಮೊದಲು ಎರಡೇ ಮಾಡುತ್ತಿದ್ದುದಕ್ಕಿಂತ ಕಡಿಮೆ. ಮಾಡೆಲ್ ದೊಡ್ಡದೇನಲ್ಲ, 60 ಕೋಟಿ ಪ್ಯಾರಾಮೀಟರ್ (ಮಾಡೆಲ್ ಕಲಿಯುವ ಸಂಖ್ಯೆಗಳು). ಕೆಲಸವನ್ನು ಕಾರ್ಡ್‌ಗಳ ನಡುವೆ ಹಂಚಲು ಪೈಟಾರ್ಚ್‌ನ ಡಿಡಿಪಿ ಬಳಸುತ್ತಿದ್ದೇವೆ. ಕಾರ್ಡ್ ಕೆಟ್ಟಿದೆಯಾ ಅಂತ ಒಂದೊಂದನ್ನೇ ಬೇರೆ ಬೇರೆ ಓಡಿಸಿ ನೋಡಿದೆ, ಮೂರೂ ಚೆನ್ನಾಗಿವೆ.

ಇದು ಯಾಕೆ ಹೀಗೆ? ಇನ್ನೊಂದು ಪ್ರಶ್ನೆ: ಮುಂದೆ ನಾಲ್ಕು ಕಾರ್ಡ್‌ಗೆ ಹೋಗಬೇಕು. ಇದೇ ಬೋರ್ಡ್ ಸಾಕಾ, ಬದಲಾಯಿಸಬೇಕಾ?

ಹೊಸಬ_ಹಾಸನ | ಶನಿವಾರ, ರಾತ್ರಿ 11:52

ಅಣ್ಣ, ಡ್ರೈವರ್ ಹೊಸದು ಹಾಕಿ ನೋಡಿದ್ರಾ? ನಂಗೆ ಒಂದ್ಸಲ ಹೀಗೇ ಆಗಿತ್ತು, ಹೊಸ ಡ್ರೈವರ್ ಹಾಕಿದ ಮೇಲೆ ಸರಿ ಹೋಯ್ತು.

ಎಸ್‌ಪಿ_ರೋಡ್_ಹಳಬ | ಭಾನುವಾರ, ಬೆಳಿಗ್ಗೆ 7:15

ಇದು ಡ್ರೈವರ್ ತೊಂದರೆ ಅಲ್ಲ ಅನಿಸುತ್ತದೆ. ಮೊದಲು ಒಂದು ಕೆಲಸ ಮಾಡಿ. ಮೆಷಿನ್ ಆಫ್ ಮಾಡಿ, ಮೂರನೇ ಸ್ಲಾಟ್‌ನಿಂದ ರೈಸರ್ ತೆಗೆದು, ಮೊಬೈಲ್ ಟಾರ್ಚ್ ಹಾಕಿ ಸ್ಲಾಟ್ ಒಳಗೆ ನೋಡಿ. ಮೊದಲನೇ ಸ್ಲಾಟ್‌ನಲ್ಲಿ ಈ ತುದಿಯಿಂದ ಆ ತುದಿವರೆಗೂ ಚಿನ್ನದ ಬಣ್ಣದ ಪಿನ್‌ಗಳು ಸಾಲಾಗಿ ಕಾಣುತ್ತವೆ. ಮೂರನೇದರಲ್ಲಿ ಬಹುಶಃ ಮುಂದಿನ ಸ್ವಲ್ಪ ಭಾಗದಲ್ಲಿ ಮಾತ್ರ ಪಿನ್ ಇರುತ್ತವೆ, ಮಿಕ್ಕಿದ್ದು ಬರೀ ಕಪ್ಪು ಪ್ಲಾಸ್ಟಿಕ್.

ನಾನು ಇಪ್ಪತ್ತು ವರ್ಷದಿಂದ ಮೆಷಿನ್ ಜೋಡಿಸುತ್ತಿದ್ದೇನೆ. ಅಂಗಡಿಗೆ ಬರುವವರು ಬೋರ್ಡ್ ಫೋಟೋ ತೋರಿಸಿ "ನಾಲ್ಕು ಸ್ಲಾಟ್ ಇದೆ ಸರ್, ನಾಲ್ಕು ಕಾರ್ಡ್ ಹಾಕಿಕೊಡಿ" ಅನ್ನುತ್ತಾರೆ. ಸ್ಲಾಟ್ ಎಣಿಸಬೇಡಿ, ಲೇನ್ ಎಣಿಸಿ, ಅಂದರೆ ಡೇಟಾ ಓಡಾಡುವ ದಾರಿಗಳನ್ನು. ಮನೆಯಲ್ಲಿ ಹತ್ತು ನಲ್ಲಿ ಹಾಕಿಸಬಹುದು. ರಸ್ತೆಯಿಂದ ಬರುವ ಪೈಪ್ ಅರ್ಧ ಇಂಚಿನದ್ದೇ ಆಗಿದ್ದರೆ ಅಡುಗೆಮನೆ ನಲ್ಲಿ ಬಿಟ್ಟಾಗ ಬಚ್ಚಲಮನೆ ನಲ್ಲಿ ಸೊರಗುತ್ತದೆ, ಅಲ್ವಾ? ಹಾಗೇ ಇದು.

ನಿಮ್ಮ ಎಎಂ5 ಸಾಕೆಟ್‌ನ ರೈಜನ್ ಪ್ರೊಸೆಸರ್‌ನಿಂದ ಹೊರಗೆ ಬರುವುದು ಒಟ್ಟು 28 ಪಿಸಿಐ ಎಕ್ಸ್‌ಪ್ರೆಸ್ ಲೇನ್. ಅದರಲ್ಲಿ 4 ಚಿಪ್‌ಸೆಟ್‌ಗೆ (ಬೋರ್ಡ್ ಮೇಲಿನ ಸಹಾಯಕ ಚಿಪ್) ಹೋಗುತ್ತದೆ. ಉಳಿದ 24ರಲ್ಲಿ 16 ಗ್ರಾಫಿಕ್ಸ್‌ಗೆ, ಇನ್ನು 8 ಸಾಮಾನ್ಯವಾಗಿ ಎಂ.2 ಎಸ್‌ಎಸ್‌ಡಿಗೆ ಅಥವಾ ಯುಎಸ್‌ಬಿ4ಗೆ. ಎರಡು ಕಾರ್ಡ್ ಹಾಕಿದರೆ ಆ 16 ಲೇನ್ 8 ಮತ್ತು 8 ಆಗಿ ಒಡೆಯುತ್ತದೆ. ಅಲ್ಲಿಗೆ ಪ್ರೊಸೆಸರ್ ಕಡೆಯ ಗ್ರಾಫಿಕ್ಸ್ ಪಾಲು ಮುಗಿಯಿತು. ಮೂರನೇ ಸ್ಲಾಟ್ ಚಿಪ್‌ಸೆಟ್‌ನಿಂದ ಬರುತ್ತದೆ. ಆ ಚಿಪ್‌ಸೆಟ್ ಪ್ರೊಸೆಸರ್ ಜೊತೆ ಮಾತಾಡುವುದು ಬರೀ 4 ಜೆನ್ 4 (ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕನೇ ಪೀಳಿಗೆ) ಲೇನ್ ಮೇಲೆ. ನಿಮ್ಮ ಮೂರನೇ ಕಾರ್ಡ್, ನೆಟ್‌ವರ್ಕ್, ಸಾಟಾ, ಯುಎಸ್‌ಬಿ, ಇನ್ನೊಂದೆರಡು ಎಸ್‌ಎಸ್‌ಡಿ, ಎಲ್ಲವೂ ಆ ಒಂದೇ ಪೈಪ್‌ನಲ್ಲಿ.

ಇಂಟೆಲ್ ಕಡೆಯೂ ಇದೇ ಕಥೆ. 12ರಿಂದ 14ನೇ ಪೀಳಿಗೆಯ ಕೋರ್ ಪ್ರೊಸೆಸರ್‌ಗಳಲ್ಲಿ ನೇರವಾಗಿ ಬರುವುದು 16 ಜೆನ್ 5 ಮತ್ತು 4 ಜೆನ್ 4 ಲೇನ್ ಮಾತ್ರ.

ಬೋರ್ಡ್ ಜೊತೆ ಬಂದ ಪುಸ್ತಕದಲ್ಲಿ ಸ್ಲಾಟ್‌ಗಳ ಪುಟ ತೆಗೆದು, ಕೆಳಗೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಅಂತ ಇಲ್ಲಿ ಹಾಕಿ. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಕಮಾಂಡ್ ಓಡಿಸಿ, ಕಾರ್ಡ್ ಎಷ್ಟು ಲೇನ್‌ನಲ್ಲಿ ಓಡುತ್ತಿದೆ ಅಂತ ತೋರಿಸುವ ಲಿಂಕ್ ಸ್ಟೇಟಸ್ ಸಾಲನ್ನೂ ಹಾಕಿ. ಟ್ರೇನಿಂಗ್ ನಡೆಯುತ್ತಿರುವಾಗಲೇ ನೋಡಿ. ಕಾರ್ಡ್ ಸುಮ್ನೆ ಕೂತಿದ್ದಾಗ ಕರೆಂಟ್ ಉಳಿಸಲು ತಾನೇ ಜೆನ್ 1ಕ್ಕೆ ಇಳಿಯುತ್ತದೆ, ಅದನ್ನು ನೋಡಿ ಎಷ್ಟೋ ಜನ ಗಾಬರಿ ಆಗುತ್ತಾರೆ.

ರಾಜಾಜಿನಗರ_ಧ್ವನಿ | ಭಾನುವಾರ, ಬೆಳಿಗ್ಗೆ 10:30

ಸರ್, ನೀವು ಹೇಳಿದ ಹಾಗೇ ಟಾರ್ಚ್ ಹಾಕಿ ನೋಡಿದೆ. ಮೂರನೇ ಸ್ಲಾಟ್‌ನ ಮುಕ್ಕಾಲು ಭಾಗ ಖಾಲಿ! ಇಷ್ಟು ದಿನ ಅದು ಪೂರ್ತಿ ಸ್ಲಾಟ್ ಅಂದುಕೊಂಡಿದ್ದೆ.

ಪುಸ್ತಕದಲ್ಲಿ ಹುಡುಕಿದೆ. ಮೂರನೇ ಸ್ಲಾಟ್‌ಗೆ 4 ಲೇನ್ ಅಂತಿದೆ. ಅದರ ಕೆಳಗೆ ನಕ್ಷತ್ರದ ಗುರುತು ಹಾಕಿ, ಮೂರನೇ ಎಂ.2 ಜಾಗದಲ್ಲಿ ಎಸ್‌ಎಸ್‌ಡಿ ಇದ್ದರೆ ಈ ಸ್ಲಾಟ್ 2 ಲೇನ್‌ನಲ್ಲಿ ಓಡುತ್ತದೆ ಅಂತ ಬರೆದಿದ್ದಾರೆ. ನಮ್ಮ ಮೂರನೇ ಎಸ್‌ಎಸ್‌ಡಿ ಅಲ್ಲೇ ಇದೆ.

ಟ್ರೇನಿಂಗ್ ಓಡುವಾಗ ಲಿಂಕ್ ಸ್ಟೇಟಸ್: ಮೊದಲ ಎರಡು ಕಾರ್ಡ್ ಜೆನ್ 4, 8 ಲೇನ್. ಮೂರನೇದು ಜೆನ್ 4, 2 ಲೇನ್.

ಲೇನ್_ಲೆಕ್ಕ | ಭಾನುವಾರ, ಮಧ್ಯಾಹ್ನ 12:05

ಕಳ್ಳ ಸಿಕ್ಕಿದ. ಈಗ ಲೆಕ್ಕ ಮಾಡೋಣ, ಯಾಕಂದ್ರೆ ಈ ಲೆಕ್ಕ ಒಂದು ಸಲ ಕೈಗೆ ಹತ್ತಿದರೆ ಬೋರ್ಡ್ ಆರಿಸುವುದು ಸುಲಭ.

ಜೆನ್ 3ರಲ್ಲಿ ಒಂದು ಲೇನ್‌ಗೆ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 1 ಜಿಬಿ. ಜೆನ್ 4ರಲ್ಲಿ 2, ಜೆನ್ 5ರಲ್ಲಿ 4. ಹಾಗಾಗಿ ನಿಮ್ಮ ಮೊದಲ ಎರಡು ಕಾರ್ಡ್‌ಗೆ 16 ಜಿಬಿ ದಾರಿ ಇದೆ, ಮೂರನೇದಕ್ಕೆ 4 ಜಿಬಿ. ಇದು ಕಾಗದದ ಮೇಲಿನ ಸಂಖ್ಯೆ, ಕೈಗೆ ಸಿಗುವುದು ಇನ್ನೂ ಸ್ವಲ್ಪ ಕಡಿಮೆ. 3090 ಜೆನ್ 4 ಕಾರ್ಡ್, ಅದಕ್ಕೆ ಜೆನ್ 5 ಸ್ಲಾಟ್ ಕೊಟ್ಟರೂ ಜೆನ್ 4ರಲ್ಲೇ ಓಡುತ್ತದೆ.

60 ಕೋಟಿ ಪ್ಯಾರಾಮೀಟರ್, ಒಂದೊಂದಕ್ಕೂ ಒಂದು ಗ್ರೇಡಿಯಂಟ್ (ಅದನ್ನು ಎಷ್ಟು ತಿದ್ದಬೇಕು ಅನ್ನುವ ಸಂಖ್ಯೆ), ಅದಕ್ಕೆ 4 ಬೈಟ್ ಅಂದರೆ 2.4 ಜಿಬಿ. ಪ್ರತಿ ಸ್ಟೆಪ್‌ನ ಕೊನೆಗೆ ಎಲ್ಲಾ ಕಾರ್ಡ್‌ಗಳೂ ತಮ್ಮ ಗ್ರೇಡಿಯಂಟ್ ಹಂಚಿಕೊಂಡು ಸರಾಸರಿ ತೆಗೆಯಬೇಕು. ರಿಂಗ್ ವಿಧಾನದಲ್ಲಿ (ಕಾರ್ಡ್‌ಗಳು ವೃತ್ತದಲ್ಲಿ ಪಕ್ಕದ ಕಾರ್ಡ್‌ಗೆ ದಾಟಿಸುತ್ತಾ ಹೋಗುವುದು) ಮೂರು ಕಾರ್ಡ್ ಇದ್ದರೆ ಪ್ರತಿ ಕಾರ್ಡ್ ಕಳಿಸುವುದು 2.4ರ ಒಂದೂ ಕಾಲಿಗಿಂತ ಸ್ವಲ್ಪ ಜಾಸ್ತಿ, ಅಂದರೆ 3.2 ಜಿಬಿ. 2 ಲೇನ್‌ನಲ್ಲಿ ಸೆಕೆಂಡಿಗೆ 3.5 ಜಿಬಿ ಸಿಕ್ಕಿತು ಅಂದುಕೊಳ್ಳಿ. 0.9 ಸೆಕೆಂಡ್ ಬರೀ ಸಾಗಣೆಗೇ ಹೋಯಿತು! ಉಳಿದ ಎರಡು ಕಾರ್ಡ್ ತಮ್ಮ ಪಾಲು ಬೇಗ ಮುಗಿಸಿ, ಮೂರನೇದಕ್ಕೆ ಕಾಯುತ್ತಾ ಕೂರುತ್ತವೆ. ನಿಮ್ಮ ನಿಜವಾದ ಕೆಲಸ 0.8 ಸೆಕೆಂಡ್ ಇರಬೇಕು. 0.8ಕ್ಕೆ 0.9 ಸೇರಿಸಿ, 1.7. ನೀವು ಹೇಳಿದ್ದೂ ಅಷ್ಟೇ.

(ಡಿಡಿಪಿ ಲೆಕ್ಕ ಮಾಡುತ್ತಲೇ ಒಂದಿಷ್ಟು ಸಾಗಣೆಯನ್ನೂ ಶುರು ಮಾಡುತ್ತದೆ, ಹಾಗಾಗಿ ಎಲ್ಲಾ ಸಲ ಇಷ್ಟು ಸರಿಯಾಗಿ ಕೂಡಿ ಬರುವುದಿಲ್ಲ. ಆದರೆ ಅಂದಾಜಿಗೆ ಇದು ಸಾಕು.)

ಇನ್ನೊಂದು ವಿಷಯ. ಎನ್‌ವಿಲಿಂಕ್ (ಕಾರ್ಡ್‌ಗಳನ್ನು ನೇರವಾಗಿ ಜೋಡಿಸುವ ಸೇತುವೆ) ಇಲ್ಲದಿದ್ದರೆ ಈ ಜಿಫೋರ್ಸ್ ಕಾರ್ಡ್‌ಗಳು ಒಂದಕ್ಕೊಂದು ನೇರವಾಗಿ ಡೇಟಾ ಕೊಡುವುದಿಲ್ಲ. ಒಂದು ಕಾರ್ಡ್‌ನಿಂದ ರ್ಯಾಮ್‌ಗೆ, ರ್ಯಾಮ್‌ನಿಂದ ಇನ್ನೊಂದು ಕಾರ್ಡ್‌ಗೆ. 3090ಯಲ್ಲಿ ಎನ್‌ವಿಲಿಂಕ್ ಇದೆ, ಆದರೆ ಎರಡೇ ಕಾರ್ಡ್‌ಗೆ ಒಂದು ಸೇತುವೆ. 4090ಯಲ್ಲಿ ಅದನ್ನೂ ತೆಗೆದುಬಿಟ್ಟರು.

ದುಡ್ಡು ಖರ್ಚು ಮಾಡುವ ಮೊದಲು ಎರಡು ಕೆಲಸ ಮಾಡಿ. ಮೂರನೇ ಎಂ.2ನಲ್ಲಿರುವ ಎಸ್‌ಎಸ್‌ಡಿ ತೆಗೆದು ಬೇರೆ ಕಡೆ ಹಾಕಿ, ಸ್ಲಾಟ್‌ಗೆ 4 ಲೇನ್ ವಾಪಸ್ ಬರುತ್ತದೆ. ಎರಡನೇದು, ಗ್ರೇಡಿಯಂಟ್ ಅಕ್ಯುಮುಲೇಷನ್, ಅಂದರೆ ಗ್ರೇಡಿಯಂಟ್ ಕೂಡಿಟ್ಟುಕೊಳ್ಳುವುದು. ನಾಲ್ಕು ಸ್ಟೆಪ್‌ಗೆ ಒಂದು ಸಲ ಮಾತ್ರ ಹಂಚಿಕೊಳ್ಳಲಿ. ಡಿಡಿಪಿಯಲ್ಲಿ ನೋ ಸಿಂಕ್ ಅಂತ ಒಂದು ಸೌಲಭ್ಯವಿದೆ, ಅದರೊಳಗೆ ಮೊದಲ ಮೂರು ಸ್ಟೆಪ್ ಇಡಿ. ಅದನ್ನು ಮರೆತರೆ ಅಕ್ಯುಮುಲೇಷನ್ ಮಾಡಿದರೂ ಪ್ರತಿ ಸ್ಟೆಪ್‌ಗೂ ಸಾಗಣೆ ನಡೆಯುತ್ತಲೇ ಇರುತ್ತದೆ. ಬ್ಯಾಚ್ (ಒಂದು ಸಲದ ತಿದ್ದುಪಡಿಗೆ ಬಳಸುವ ಡೇಟಾ) ನಾಲ್ಕು ಪಟ್ಟು ಆಗುವುದರಿಂದ ಲರ್ನಿಂಗ್ ರೇಟ್ (ಪ್ರತಿ ತಿದ್ದುಪಡಿಯ ಅಳತೆ) ಮತ್ತೆ ಹೊಂದಿಸಬೇಕು.

ಅನಿಮೇಷನ್_ಅಕ್ಕ | ಭಾನುವಾರ, ಸಂಜೆ 6:20

ನಾನು ಬಸವನಗುಡಿಯಲ್ಲಿ ರೆಂಡರ್ ಕೆಲಸ (3ಡಿ ದೃಶ್ಯದಿಂದ ಚಿತ್ರ ತೆಗೆಯುವುದು) ಮಾಡುತ್ತೇನೆ. ಇದನ್ನೆಲ್ಲಾ ಓದಿ ಯಾರೂ ಹೆದರಿ ದುಬಾರಿ ಬೋರ್ಡ್ ಕೊಳ್ಳಬಾರದು ಅಂತ ಹೇಳುತ್ತಿದ್ದೇನೆ. ನನ್ನ ಮೆಷಿನ್‌ನಲ್ಲೂ ಸಾಮಾನ್ಯ ಬೋರ್ಡೇ, ಮೂರು ಕಾರ್ಡ್. ಒಂದು ಕಾರ್ಡ್ ಚಿಪ್‌ಸೆಟ್‌ನ ಸಣ್ಣ ದಾರಿಯಲ್ಲೇ ಇದೆ. ಬ್ಲೆಂಡರ್ ಸೈಕಲ್ಸ್‌ನಲ್ಲಿ ಮೂರೂ ಪೂರ್ತಿ ದುಡಿಯುತ್ತವೆ. ಸೀನ್ ಕಾರ್ಡ್‌ಗೆ ಹೋಗುವಾಗ ಆ ಒಂದು ಕಾರ್ಡ್ ಕೆಲವು ಸೆಕೆಂಡ್ ಹಿಂದೆ ಬೀಳುತ್ತದೆ, ಅಷ್ಟೇ. ಆಮೇಲೆ ಪ್ರತಿ ಕಾರ್ಡ್ ತನ್ನ ಪಾಡಿಗೆ ತಾನು ಲೆಕ್ಕ ಮಾಡುತ್ತದೆ. ಒಂದು ಫ್ರೇಮ್‌ಗೆ ಹತ್ತು ನಿಮಿಷ ಹಿಡಿಯುವ ಕಡೆ ಆ ಕೆಲವು ಸೆಕೆಂಡ್ ಯಾರ ಲೆಕ್ಕಕ್ಕೂ ಬರುವುದಿಲ್ಲ.

ನಮ್ಮ ತೊಂದರೆಯೇ ಬೇರೆ. ಮೂರು 24 ಜಿಬಿ ಕಾರ್ಡ್ ಇದ್ದರೆ 72 ಜಿಬಿ ಸೀನ್ ಹಿಡಿಸುತ್ತದೆ ಅಂತ ಹೊಸಬರು ತಿಳಿಯುತ್ತಾರೆ. ಹಾಗಲ್ಲ. ಇಡೀ ಸೀನ್ ಪ್ರತಿ ಕಾರ್ಡ್‌ನಲ್ಲೂ ಇರಬೇಕು.

ಲೇನ್_ಲೆಕ್ಕ | ಭಾನುವಾರ, ಸಂಜೆ 7:02

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಕೆಲಸ ಯಾವುದು ಅನ್ನುವುದೇ ಮುಖ್ಯ.

ಟ್ರೇನಿಂಗ್ ಇಲ್ಲದೆ ಮಾಡೆಲ್ ಸುಮ್ನೆ ಓಡಿಸುವುದಾದರೂ, ಪದರಗಳನ್ನು ಕಾರ್ಡ್‌ಗಳ ನಡುವೆ ಹಂಚಿದರೆ ದಾರಿ ಸಣ್ಣದಿದ್ದರೂ ನಡೆಯುತ್ತದೆ. 7,000 ಕೋಟಿ ಪ್ಯಾರಾಮೀಟರ್‌ನ ಲಾಮಾ ಭಾಷಾ ಮಾಡೆಲ್‌ನಲ್ಲಿ ಒಂದು ಪದರದಿಂದ ಮುಂದಿನದಕ್ಕೆ ಹೋಗುವುದು 8,192 ಸಂಖ್ಯೆ. ಎರಡೆರಡು ಬೈಟ್ ಅಂದರೆ ಟೋಕನ್‌ಗೆ (ಪದದ ತುಣುಕಿಗೆ) 16 ಕೆಬಿ. ಒಂದೇ ಲೇನ್ ಇದ್ದರೂ ಇದು ಏನೂ ಅಲ್ಲ. ಅದೇ ಮಾಡೆಲ್ ಅನ್ನು ಟೆನ್ಸರ್ ಪ್ಯಾರಲಲ್ ಮಾಡಿದರೆ, ಅಂದರೆ ಪ್ರತಿ ಪದರವನ್ನೂ ಕಾರ್ಡ್‌ಗಳ ನಡುವೆ ಸೀಳಿದರೆ, ಪ್ರತಿ ಪದರದಲ್ಲೂ ಎರಡು ಸಲ ಎಲ್ಲಾ ಕಾರ್ಡ್ ಸೇರಿ ಲೆಕ್ಕ ಕೂಡಿಸಬೇಕು. ಆಗ ಸಣ್ಣ ದಾರಿ ನೋವು ಕೊಡುತ್ತದೆ. ಮಾಡೆಲ್‌ಗೆ ಸೇರಿಸಿದ ಸಣ್ಣ ಭಾಗವನ್ನಷ್ಟೇ ಕಲಿಸುವ ಲೋರಾ ತರಹದ ಟ್ರೇನಿಂಗ್‌ನಲ್ಲಿ ಗ್ರೇಡಿಯಂಟ್ ಬಹಳ ಸಣ್ಣದು, ಅಲ್ಲಿ ಚಿಂತೆ ಕಡಿಮೆ. ಪೂರ್ತಿ ಮಾಡೆಲ್ ಟ್ರೇನ್ ಮಾಡುವವರಿಗೆ ಲೇನ್ ಬೇಕೇ ಬೇಕು.

ರಾಜಾಜಿನಗರ_ಧ್ವನಿ | ಸೋಮವಾರ, ರಾತ್ರಿ 9:45

ಎಸ್‌ಎಸ್‌ಡಿ ತೆಗೆದೆ. ಸ್ಲಾಟ್ 4 ಲೇನ್ ಆಯಿತು, ಸ್ಟೆಪ್ 1.7ರಿಂದ 1.3 ಸೆಕೆಂಡ್‌ಗೆ ಇಳಿಯಿತು. ನಾಲ್ಕಕ್ಕೆ ಒಂದು ಸಲ ಹಂಚಿಕೊಳ್ಳುವ ಹಾಗೆ ಮಾಡಿದ ಮೇಲೆ ಸರಾಸರಿ 0.9. ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟಾಯಿತು, ಇಬ್ಬರಿಗೂ ಮನಸಾರೆ ಧನ್ಯವಾದ. ಮೂರು ತಿಂಗಳಿನಿಂದ ತಳ್ಳಿಕೊಂಡು ಬಂದಿದ್ದ ಉತ್ತರ ಕರ್ನಾಟಕದ ಆಡಿಯೋ ಇವತ್ತು ಓಡಲು ಶುರುವಾಗಿದೆ.

ಆದರೆ ಬ್ಯಾಚ್ ದೊಡ್ಡದಾದಾಗ ನಮ್ಮ ಮಾಡೆಲ್ ಅಷ್ಟು ಚೆನ್ನಾಗಿ ಕಲಿಯುತ್ತಿಲ್ಲ, ಇದು ಶಾಶ್ವತ ದಾರಿ ಅಲ್ಲ. ಮುಂದಿನ ಮಾಡೆಲ್ ಇನ್ನೂ ದೊಡ್ಡದು. ನಾಲ್ಕು ಕಾರ್ಡ್‌ಗೆ ಸರಿಯಾದ ಬೋರ್ಡ್ ಯಾವುದು ಹೇಳಿ.

ಎಸ್‌ಪಿ_ರೋಡ್_ಹಳಬ | ಮಂಗಳವಾರ, ಬೆಳಿಗ್ಗೆ 6:50

ಮೊದಲು ಒಂದು ಹಳೆ ವಿಷಯ. ಹಿಂದೆ ಇಂಟೆಲ್‌ನ ಎಕ್ಸ್99 ಚಿಪ್‌ಸೆಟ್ ಕಾಲದಲ್ಲಿ ವರ್ಕ್‌ಸ್ಟೇಷನ್ ಬೋರ್ಡ್‌ಗಳಲ್ಲಿ ಪಿಎಲ್‌ಎಕ್ಸ್ ಕಂಪನಿಯ ಸ್ವಿಚ್ ಚಿಪ್ ಇರುತ್ತಿತ್ತು. ಆಸುಸ್ ಎಕ್ಸ್99-ಇ ಡಬ್ಲ್ಯುಎಸ್‌ನಲ್ಲಿ ಎರಡು ಇದ್ದವು. ಒಂದೊಂದು ಚಿಪ್ ಪ್ರೊಸೆಸರ್‌ನಿಂದ 16 ಲೇನ್ ತಗೊಂಡು ಎರಡು ಸ್ಲಾಟ್‌ಗೆ 16, 16 ಕೊಡುತ್ತಿತ್ತು. ಎರಡೂ ಕಾರ್ಡ್ ಒಟ್ಟಿಗೆ ಪ್ರೊಸೆಸರ್ ಕಡೆ ಹೊರಟರೆ ಅಲ್ಲಿ ದಾರಿ ಒಂದೇ, ಆದರೆ ಒಂದೊಂದೇ ಹೋದರೆ ಪೂರ್ತಿ ದಾರಿ. 2014ರಲ್ಲಿ ಪಿಎಲ್‌ಎಕ್ಸ್ ಅನ್ನು ಅವಾಗೊ ಕೊಂಡುಕೊಂಡಿತು, ಆಮೇಲೆ ಸಾಮಾನ್ಯ ಬೋರ್ಡ್‌ಗಳಲ್ಲಿ ಈ ಚಿಪ್ ಅಪರೂಪವಾಯಿತು. ಗೇಮ್ ಆಡುವವರೂ ಎರಡು ಕಾರ್ಡ್ ಹಾಕುವುದು ಬಿಟ್ಟರು. 2021ರಿಂದ ಎನ್‌ವಿಡಿಯಾ ಹೊಸ ಎಸ್‌ಎಲ್‌ಐ (ಗೇಮ್‌ನಲ್ಲಿ ಎರಡು ಕಾರ್ಡ್ ಒಟ್ಟಿಗೆ ದುಡಿಸುವ ವ್ಯವಸ್ಥೆ) ಪ್ರೊಫೈಲ್ ಮಾಡುವುದನ್ನೇ ನಿಲ್ಲಿಸಿತು. ಕೇಳುವವರು ಇಲ್ಲದ ಮೇಲೆ ಬೋರ್ಡ್ ಕಂಪನಿಗಳು ಲೇನ್‌ಗಳನ್ನು ಎಂ.2 ಕಡೆಗೆ ತಿರುಗಿಸಿದವು. ನಾವು ಇವತ್ತು ಅನುಭವಿಸುತ್ತಿರುವುದು ಅದನ್ನೇ.

ಈಗ ಲೇನ್ ಹೇರಳವಾಗಿ ಸಿಗುವ ಜಾಗಗಳು: 2023ರಲ್ಲಿ ಬಂದ ಎಎಂಡಿ ಥ್ರೆಡ್‌ರಿಪ್ಪರ್ ಪ್ರೊ 7000 ಪ್ರೊಸೆಸರ್, ಡಬ್ಲ್ಯುಆರ್‌ಎಕ್ಸ್90 ಬೋರ್ಡ್, 128 ಜೆನ್ 5 ಲೇನ್. ಅದೇ ವರ್ಷದ ಇಂಟೆಲ್ ಜಿಯಾನ್ ಡಬ್ಲ್ಯು-3400, 112 ಜೆನ್ 5 ಲೇನ್. ಹೆಸರಿನಲ್ಲಿ ಮೋಸ ಹೋಗಬೇಡಿ: ಪ್ರೊ ಅಲ್ಲದ ಥ್ರೆಡ್‌ರಿಪ್ಪರ್ 7000ದಲ್ಲಿ ಜೆನ್ 5 ಲೇನ್ 48 ಮಾತ್ರ, ಜಿಯಾನ್ ಡಬ್ಲ್ಯು-2400ರಲ್ಲಿ 64.

ನಿಮಗೆ ಅದು ಯಾವುದೂ ಬೇಡ ಅಂತ ನನ್ನ ಅಭಿಪ್ರಾಯ. ನಿಮ್ಮ ಕಾರ್ಡ್ ಜೆನ್ 4. 2019ರಲ್ಲಿ ಬಂದ ಎಎಂಡಿಯ ಸರ್ವರ್ ಪ್ರೊಸೆಸರ್ ಎಪಿಕ್ 7002 ಸಾಲಿನಲ್ಲೇ 128 ಜೆನ್ 4 ಲೇನ್ ಇವೆ. ಎಎಸ್‌ರಾಕ್ ರ್ಯಾಕ್‌ನ ರೋಮ್‌ಡಿ8-2ಟಿ ಅನ್ನುವ ಬೋರ್ಡ್ ಸಾಮಾನ್ಯ ಎಟಿಎಕ್ಸ್ ಅಳತೆಯಲ್ಲೇ ಏಳು 16 ಲೇನ್ ಸ್ಲಾಟ್ ಕೊಡುತ್ತದೆ. ಸರ್ವರ್‌ನಿಂದ ಕಳಚಿದ ಪ್ರೊಸೆಸರ್ ಸೆಕೆಂಡ್ ಹ್ಯಾಂಡ್ ಸಿಗುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಕೆಲವು ಸರ್ವರ್ ಕಂಪನಿಗಳ ಬೋರ್ಡ್‌ನಲ್ಲಿ ಓಡಿದ ಎಪಿಕ್ ಪ್ರೊಸೆಸರ್ ಆ ಕಂಪನಿಯ ಬೋರ್ಡ್‌ಗೇ ಬೀಗ ಹಾಕಿಕೊಂಡಿರುತ್ತದೆ. ಬೇರೆ ಬೋರ್ಡ್‌ಗೆ ಹಾಕಿದರೆ ಜೀವವೇ ಬರುವುದಿಲ್ಲ, ಬಿಡಿಸುವ ದಾರಿಯೂ ಇಲ್ಲ. ಮಾರುವವರ ಎದುರೇ ಆನ್ ಮಾಡಿಸಿ ನೋಡಿ. ರ್ಯಾಮ್ ಕೂಡ ನಿಮ್ಮ ಹತ್ತಿರ ಇರುವುದು ಕೂರುವುದಿಲ್ಲ, ಸರ್ವರ್‌ಗೆ ಬಳಸುವ ರಿಜಿಸ್ಟರ್ಡ್ ಡಿಡಿಆರ್4 ಬೇಕು. ಎಂಟು ಚಾನೆಲ್ ಇದೆ, ಎಂಟೂ ತುಂಬಿಸಿ. ನಿಮ್ಮ ಕಾರ್ಡ್‌ಗಳ ಮಾತುಕತೆ ರ್ಯಾಮ್ ಮೂಲಕವೇ ನಡೆಯುವುದರಿಂದ ಇಲ್ಲಿ ಜಿಪುಣತನ ಬೇಡ.

ಹೊಸಬ_ಹಾಸನ | ಮಂಗಳವಾರ, ಬೆಳಿಗ್ಗೆ 8:10

ಏಳು ಸ್ಲಾಟ್ ಅಂದ್ರೆ ಏಳು 3090 ಹಾಕಬಹುದಾ ಸರ್?

ಎಸ್‌ಪಿ_ರೋಡ್_ಹಳಬ | ಮಂಗಳವಾರ, ಬೆಳಿಗ್ಗೆ 8:40

ಒಳ್ಳೆ ಪ್ರಶ್ನೆ ಕೇಳಿದೆ ಮರಿ. ಲೇನ್ ಇದೆ, ಜಾಗ ಇಲ್ಲ.

ಎಟಿಎಕ್ಸ್ ಬೋರ್ಡ್‌ನಲ್ಲಿ ಒಂದು ಸ್ಲಾಟ್‌ನಿಂದ ಇನ್ನೊಂದಕ್ಕೆ 20.32 ಮಿಲಿಮೀಟರ್. 3090 ಸಾಮಾನ್ಯವಾಗಿ ಮೂರು ಸ್ಲಾಟ್ ದಪ್ಪ. ಮೊದಲನೇದಕ್ಕೆ ಒಂದು ಹಾಕಿದರೆ 2, 3 ಮುಚ್ಚಿಹೋಯಿತು. ನಾಲ್ಕನೇದಕ್ಕೆ ಇನ್ನೊಂದು. ಏಳನೇದಕ್ಕೆ ಮೂರನೇ ಕಾರ್ಡ್ ಹಾಕಬಹುದು, ಆದರೆ ಅದು ಬೋರ್ಡ್‌ನಿಂದ ಕೆಳಗೆ ಎರಡು ಸ್ಲಾಟ್‌ನಷ್ಟು ಇಳಿಬೀಳುತ್ತದೆ. ಅದಕ್ಕೆ ಒಂಬತ್ತು ಸ್ಲಾಟ್‌ನ ಕ್ಯಾಬಿನೆಟ್ ಬೇಕು. ನಾಲ್ಕನೇ ಕಾರ್ಡ್‌ಗೆ ರೈಸರ್ ಕೇಬಲ್ಲೇ ಗತಿ. ಎರಡು ಸ್ಲಾಟ್ ದಪ್ಪದ ಬ್ಲೋವರ್ ಕಾರ್ಡ್ ಆದರೆ 1, 3, 5, 7ರಲ್ಲಿ ನಾಲ್ಕು ಕೂರುತ್ತವೆ, ಕ್ಯಾಬಿನೆಟ್‌ನಲ್ಲಿ ಎಂಟು ಸ್ಲಾಟ್ ಇದ್ದರೆ ಸಾಕು. ಆರ್‌ಟಿಎಕ್ಸ್ ಎ6000 ತರಹದ ವರ್ಕ್‌ಸ್ಟೇಷನ್ ಕಾರ್ಡ್‌ಗಳು ಎರಡೇ ಸ್ಲಾಟ್, 300 ವ್ಯಾಟ್, ಗಾಳಿಯನ್ನು ಹಿಂದಕ್ಕೆ ಹೊರಗೆ ದಬ್ಬುತ್ತವೆ. ಅದರ ಬೆಲೆಯಲ್ಲಿ ಈ ಅಳತೆಗೂ ಒಂದು ಪಾಲಿದೆ.

3090ಗಳನ್ನು ಒತ್ತೊತ್ತಾಗಿ ಇಡಬೇಡಿ. ಅದರ ಮೆಮೊರಿ ಚಿಪ್ ಅರ್ಧ ಕಾರ್ಡ್‌ನ ಬೆನ್ನಿನ ಕಡೆ ಇವೆ. ಪಕ್ಕದ ಕಾರ್ಡ್ ಬೆನ್ನಿಗೆ ಅಂಟಿಕೊಂಡರೆ ಅವು ಬೇಯುತ್ತವೆ. ಓಪನ್ ಫ್ರೇಮ್‌ನಲ್ಲಿ ಬಿಡಿ ಬಿಡಿಯಾಗಿ ನಿಲ್ಲಿಸಿ, ಹದಿನೈದು ದಿನಕ್ಕೊಮ್ಮೆ ಬ್ಲೋವರ್ ಹಿಡಿಯಿರಿ. ನಮ್ಮೂರಿನ ರಸ್ತೆ ಅಗೆತದ ಧೂಳು ಸಾಮಾನ್ಯದ್ದಲ್ಲ.

ವೈರಿಂಗ್_ಯಲಹಂಕ | ಮಂಗಳವಾರ, ರಾತ್ರಿ 10:15

ಸರ್, ನಾನು ಎಲೆಕ್ಟ್ರಿಕಲ್ ಕೆಲಸದವನು, ಕಂಪ್ಯೂಟರ್ ಜಾಸ್ತಿ ಗೊತ್ತಿಲ್ಲ. ಆದರೆ ನಿಮ್ಮ ಲೆಕ್ಕದಲ್ಲಿ ಯಾರೂ ಗೋಡೆಯ ಪ್ಲಗ್ ಬಗ್ಗೆ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾಲ್ಕು ಕಾರ್ಡ್ 350 ವ್ಯಾಟ್‌ನಂತೆ 1,400. ಪ್ರೊಸೆಸರ್, ಫ್ಯಾನ್, ಡಿಸ್ಕ್ ಸೇರಿ ಇನ್ನೊಂದು 300. ಪವರ್ ಸಪ್ಲೈ ನೂರಕ್ಕೆ ತೊಂಬತ್ತು ಮಾತ್ರ ಒಳಗೆ ಕೊಡುತ್ತದೆ ಅಂದರೆ ಗೋಡೆಯಿಂದ ಎಳೆಯುವುದು 1,900 ವ್ಯಾಟ್ ಹತ್ತಿರ. 230 ವೋಲ್ಟ್‌ಗೆ 8 ಆಂಪಿಯರ್ ದಾಟಿತು. ಮೇಜಿನ ಪಕ್ಕ ಇರುವ ಸಣ್ಣ ಪ್ಲಗ್ 6 ಆಂಪಿಯರ್, ಅಂದರೆ 1,380 ವ್ಯಾಟ್‌ಗೆ ಮಾತ್ರ. ಅದಕ್ಕೆ ಹಾಕಿದರೆ ಮೊದಲ ದಿನ ಏನೂ ಆಗುವುದಿಲ್ಲ. ಗೀಸರ್ ಐದೈದು ನಿಮಿಷ ಓಡುತ್ತದೆ, ನಿಮ್ಮ ಮೆಷಿನ್ ವಾರಗಟ್ಟಲೆ ಓಡುತ್ತದೆ. ಎರಡು ವಾರ ಬಿಟ್ಟು ಪ್ಲಗ್ ಮುಟ್ಟಿ ನೋಡಿದರೆ ಬಿಸಿ, ಸಾಕೆಟ್ ಹಳದಿ ತಿರುಗಿರುತ್ತದೆ.

ಮೇನ್ ಬೋರ್ಡ್‌ನಿಂದ ಬೇರೆಯೇ ಲೈನ್ ಎಳೆಸಿ. 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 16 ಆಂಪಿಯರ್ ಪಾಯಿಂಟ್, ಅದಕ್ಕೊಂದು ಬೇರೆ ಎಂಸಿಬಿ, ಅರ್ತಿಂಗ್ ಸರಿಯಾಗಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಮಂಜೂರಾದ ಲೋಡ್ ಎಷ್ಟಿದೆ ಅಂತ ಬೆಸ್ಕಾಂ ಬಿಲ್‌ನಲ್ಲಿ ಇರುತ್ತದೆ, ನೋಡಿಕೊಳ್ಳಿ. 1.5 ಕಿಲೋವ್ಯಾಟ್‌ನಲ್ಲಿ ದಿನವಿಡೀ ಓಡಿದರೂ ದಿನಕ್ಕೆ 36 ಯೂನಿಟ್. ಮನೆಯ ಇನ್ವರ್ಟರ್ ಇದನ್ನು ಹೊರುವುದಿಲ್ಲ, 3 ಕೆವಿಎ ಆನ್‌ಲೈನ್ ಯುಪಿಎಸ್ ಬೇಕಾಗುತ್ತದೆ.

ಲೇನ್_ಲೆಕ್ಕ | ಮಂಗಳವಾರ, ರಾತ್ರಿ 10:50

ನಿಮ್ಮ ಮಾತು ಲಕ್ಷ ಬೆಲೆಯದ್ದು ಸರ್.

ಅದಕ್ಕೆ ಸೇರಿಸಿ: ಎನ್‌ವಿಡಿಯಾ ಎಸ್‌ಎಂಐ ಕಮಾಂಡ್‌ನಲ್ಲಿ ಪ್ರತಿ ಕಾರ್ಡ್‌ನ ಪವರ್ ಮಿತಿಯನ್ನು 280 ವ್ಯಾಟ್‌ಗೆ ಇಳಿಸಿ. ವೇಗ ಸ್ವಲ್ಪವೇ ಕಡಿಮೆ ಆಗುತ್ತದೆ, ಬಿಸಿ ಬಹಳ ಇಳಿಯುತ್ತದೆ. 3090 ಕ್ಷಣ ಮಾತ್ರಕ್ಕೆ 350ಕ್ಕಿಂತ ಎಷ್ಟೋ ಮೇಲೆ ಜಿಗಿಯುವ ಕಾರ್ಡ್, ನಾಲ್ಕೂ ಒಟ್ಟಿಗೆ ಜಿಗಿದರೆ ಪವರ್ ಸಪ್ಲೈ ತಾನೇ ಆಫ್ ಆಗಬಹುದು.

ಬೋರ್ಡ್‌ಗೂ ಒಂದು ಮಿತಿ ಇದೆ. ಸ್ಲಾಟ್‌ನಿಂದಲೇ ಕಾರ್ಡ್ 75 ವ್ಯಾಟ್‌ವರೆಗೆ ಎಳೆಯಬಹುದು, ಅದರಲ್ಲಿ 66 ವ್ಯಾಟ್ 12 ವೋಲ್ಟ್‌ನಿಂದ. ನಾಲ್ಕು ಕಾರ್ಡ್‌ಗೆ 264 ವ್ಯಾಟ್, 22 ಆಂಪಿಯರ್. 24 ಪಿನ್ ಕನೆಕ್ಟರ್‌ನಲ್ಲಿ 12 ವೋಲ್ಟ್‌ನ ವೈರ್ ಎರಡೇ. ಅದಕ್ಕೇ ಇಂಥ ಬೋರ್ಡ್‌ಗಳಲ್ಲಿ ಸ್ಲಾಟ್‌ಗಳಿಗೆ ಅಂತಲೇ ಇನ್ನೊಂದು ಪವರ್ ಕನೆಕ್ಟರ್ ಕೊಟ್ಟಿರುತ್ತಾರೆ. ಖಾಲಿ ಬಿಡಬೇಡಿ.

ಎಸ್‌ಪಿ_ರೋಡ್_ಹಳಬ | ಬುಧವಾರ, ಬೆಳಿಗ್ಗೆ 7:05

ಪವರ್ ಮಾತು ಬಂತು, ನನ್ನ ಕೈಯಲ್ಲೇ ಆದದ್ದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬರಿಗೆ ಐದು ಕಾರ್ಡ್‌ನ ಮೆಷಿನ್ ಜೋಡಿಸುವಾಗ ಯುಎಸ್‌ಬಿ ಕೇಬಲ್ ತರಹದ ಒಂದು ಲೇನ್ ರೈಸರ್ ಬಳಸಿದ್ದೆ. ಅದರ ಜೊತೆ ಬಂದಿದ್ದ ಸಾಟಾ ಪವರ್ ವೈರನ್ನೇ ಚುಚ್ಚಿದೆ. ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ಕೊಡಬಹುದಾದದ್ದು 54 ವ್ಯಾಟ್, ಕಾರ್ಡ್ ಕೇಳಿದ್ದು ಅದಕ್ಕಿಂತ ಜಾಸ್ತಿ. ಮೂರನೇ ದಿನ ಅವರು ಫೋನ್ ಮಾಡಿದರು. ಹೋಗಿ ನೋಡಿದರೆ ಕಪ್ಪು ಕನೆಕ್ಟರ್ ಬೆಲ್ಲದ ಪಾಕದ ಹಾಗೆ ಕರಗಿ ಪಿನ್‌ಗೆ ಅಂಟಿಕೊಂಡಿತ್ತು, ರೂಮ್ ತುಂಬಾ ಸುಟ್ಟ ಪ್ಲಾಸ್ಟಿಕ್ ವಾಸನೆ. ಅವರು ಮನೆಯಲ್ಲೇ ಇದ್ದರು, ಅದೊಂದೇ ಪುಣ್ಯ. ಆವತ್ತಿನಿಂದ ಸಾಟಾ ವೈರ್‌ನಿಂದ ರೈಸರ್‌ಗೆ ಪವರ್ ಕೊಟ್ಟಿಲ್ಲ, ಯಾರಿಗೂ ಕೊಡಲು ಬಿಡುವುದಿಲ್ಲ.

ರೈಸರ್ ಕೊಳ್ಳುವಾಗ ಜೆನ್ 4 ಅಂತ ಬರೆದಿರುವುದನ್ನೇ, ಆದಷ್ಟು ಗಿಡ್ಡದ್ದನ್ನೇ ತಗೊಳ್ಳಿ. ಸಿಗ್ನಲ್ ಸೋರಿದರೆ ಮೆಷಿನ್ ನಿಲ್ಲುವುದಿಲ್ಲ, ಲಾಗ್‌ನಲ್ಲಿ ಕರೆಕ್ಟೆಡ್ ಎರರ್ ಸುರಿಯುತ್ತಾ ಇರುತ್ತದೆ, ವೇಗ ಬೀಳುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಆ ಸ್ಲಾಟ್ ಒಂದನ್ನು ಬಯಾಸ್‌ನಲ್ಲಿ ಜೆನ್ 3ಕ್ಕೆ ಇಳಿಸಿ. 16 ಲೇನ್ ಜೆನ್ 3 ಅಂದರೆ 8 ಲೇನ್ ಜೆನ್ 4ಕ್ಕೆ ಸಮ, ಕೆಟ್ಟದ್ದೇನಲ್ಲ.

ರಾಜಾಜಿನಗರ_ಧ್ವನಿ | ಮೂರು ವಾರದ ನಂತರ, ಭಾನುವಾರ ಸಂಜೆ 5:30

ಕಟ್ಟಿ ಮುಗಿಸಿದೆವು. ಎಪಿಕ್ 7002 ಸಾಲಿನ 32 ಕೋರ್ ಪ್ರೊಸೆಸರ್, ಏಳು ಸ್ಲಾಟ್‌ನ ಬೋರ್ಡ್, ಎಂಟು ರ್ಯಾಮ್ ಕಡ್ಡಿ, 1,600 ವ್ಯಾಟ್ ಪವರ್ ಸಪ್ಲೈ, ನಾಲ್ಕು 3090, ಓಪನ್ ಫ್ರೇಮ್. ಪ್ರೊಸೆಸರ್ ಅನ್ನು ಅಂಗಡಿಯಲ್ಲೇ ನಮ್ಮ ಬೋರ್ಡ್‌ಗೆ ಹಾಕಿಸಿ ನೋಡಿಯೇ ದುಡ್ಡು ಕೊಟ್ಟೆವು. ಹಳಬರ ಮಾತು ಕೇಳಿದ್ದು ಒಳ್ಳೆಯದಾಯಿತು, ಮೊದಲು ತೋರಿಸಿದ ಪ್ರೊಸೆಸರ್‌ಗೆ ಜೀವ ಬರಲಿಲ್ಲ, ಎರಡನೇದು ಎದ್ದಿತು.

ಆಫೀಸ್‌ಗೆ ತಂದು ಮೊದಲ ಸಲ ಆನ್ ಮಾಡಿದಾಗ ನಿಮಿಷಗಟ್ಟಲೆ ಪರದೆ ಕಪ್ಪು. ಎದೆ ಬಡಿದುಕೊಳ್ಳುತ್ತಿತ್ತು. ಸರ್ವರ್ ಬೋರ್ಡ್ ರ್ಯಾಮ್ ಪರೀಕ್ಷೆ ಮಾಡಲು ಅಷ್ಟು ಹೊತ್ತು ತಗೊಳ್ಳುತ್ತದೆ ಅಂತ ಆಮೇಲೆ ತಿಳಿಯಿತು. ಎದ್ದ ಮೇಲೆ ಮೂರೇ ಕಾರ್ಡ್ ಕಂಡವು. ಬಯಾಸ್‌ನಲ್ಲಿ ಅಬೌವ್ 4ಜಿ ಡಿಕೋಡಿಂಗ್ ಅನ್ನುವ ಸೆಟ್ಟಿಂಗ್ ಆಫ್ ಆಗಿತ್ತು, ಅದನ್ನು ಆನ್ ಮಾಡಿದ ತಕ್ಷಣ ನಾಲ್ಕನೇದೂ ಬಂತು. ಒಂದು ರೈಸರ್ ಎರರ್ ಕೊಡುತ್ತಿತ್ತು, ಅದಕ್ಕಿಂತ ಗಿಡ್ಡದ್ದು ಹಾಕಿದ ಮೇಲೆ ನಿಂತಿತು.

ಟ್ರೇನಿಂಗ್ ಓಡುತ್ತಿರುವಾಗ ಲಿಂಕ್ ಸ್ಟೇಟಸ್ ನೋಡಿದೆ. ಜೆನ್ 4, 16 ಲೇನ್ ಅಂತ ನಾಲ್ಕು ಸಾಲು, ಒಂದರ ಕೆಳಗೆ ಒಂದು. ನಾವು ಮೂವರೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆವು. ಅಕ್ಯುಮುಲೇಷನ್ ಇಲ್ಲದೆ, 280 ವ್ಯಾಟ್ ಮಿತಿಯಲ್ಲಿ, ಸ್ಟೆಪ್‌ಗೆ 1.1 ಸೆಕೆಂಡ್. ನಾಲ್ಕೂ ಕಾರ್ಡ್ ದುಡಿಯುತ್ತಿವೆ, ಯಾರೂ ಯಾರಿಗೂ ಕಾಯುತ್ತಾ ಕೂತಿಲ್ಲ. 16 ಆಂಪಿಯರ್ ಪಾಯಿಂಟ್ ಮುಟ್ಟಿ ನೋಡಿದೆ, ತಣ್ಣಗಿದೆ. ಯಲಹಂಕದ ಸರ್‌ಗೆ ವಿಶೇಷ ನಮಸ್ಕಾರ.

ಮಧ್ಯಾಹ್ನ ರೂಮ್ ಬಿಸಿಯಾಗುತ್ತದೆ. ಒಂದೂವರೆ ಕಿಲೋವ್ಯಾಟ್ ಹೀಟರ್ ಹಚ್ಚಿಟ್ಟ ಹಾಗೇ ಅಲ್ವಾ. ಸದ್ಯಕ್ಕೆ ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿದ್ದೇವೆ, ಏಪ್ರಿಲ್ ಒಳಗೆ ಒಂದು ಟನ್ ಎಸಿ ಹಾಕಿಸಬೇಕು.

ಅನಿಮೇಷನ್_ಅಕ್ಕ | ಭಾನುವಾರ, ಸಂಜೆ 6:10

ಬಹಳ ಖುಷಿ ಆಯಿತು. ಧಾರವಾಡದ ಆಡಿಯೋ ಹೇಗೆ ಬರುತ್ತಿದೆ ಅಂತ ತಿಳಿಸಿ, ನಮ್ಮಮ್ಮನ ಊರು ಅದು.

ಆ ಹಳೆ ಎಕ್ಸ್670ಇ ಬೋರ್ಡ್ ಮತ್ತು ರೈಜನ್ ಮಾರುತ್ತೀರಾ? ನನಗೆ ಎರಡನೇ ರೆಂಡರ್ ಮೆಷಿನ್ ಬೇಕಾಗಿದೆ. ಮೂರನೇ ಸ್ಲಾಟ್ 2 ಲೇನ್ ಆದರೂ ನನ್ನ ಕೆಲಸಕ್ಕೆ ಧಾರಾಳ.

ರಾಜಾಜಿನಗರ_ಧ್ವನಿ | ಭಾನುವಾರ, ಸಂಜೆ 6:25

ಖಂಡಿತ ಅಕ್ಕ. ಮೂರನೇ ಎಂ.2 ಖಾಲಿ ಬಿಟ್ಟೇ ಕೊಡುತ್ತೇನೆ, 4 ಲೇನ್ ಸಿಗುತ್ತದೆ. ಶನಿವಾರ ಬನ್ನಿ, ಓಡಿಸಿ ತೋರಿಸುತ್ತೇನೆ.